ರೊಟ್ಟಿ ಬಡಿಯುವ ಹೊತ್ತಿನ ಎಣಿಕೆ

ಕಮಲಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಓಣಿಯ ಎರಡೂ ಕಡೆ ರೊಟ್ಟಿ ಬಡಿಯುವ ಸದ್ದು ಎದ್ದಿದೆ. ಬೇವಿನ ಮರದ ಬುಡದಲ್ಲಿ ಹೆಂಗಸೊಬ್ಬರು ಸುಮ್ಮನೆ ನಿಂತಿದ್ದಾರೆ. ಎದುರಿನ ಬಾಗಿಲು ತೆರೆಯುತ್ತದೆ. ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ತಾಯಿ ಹೊಲದ ದಾರಿ ಹಿಡಿಯುತ್ತಾಳೆ. ಅವಳ ಹಿಂದೆ ಏಳೆಂಟು ವರ್ಷದ ಹುಡುಗಿ, ಸೊಂಟದ ಮೇಲೆ ಕೂಸು, ಹೊಸ್ತಿಲ ತನಕ ಬಂದು ನಿಲ್ಲುತ್ತಾಳೆ. ಮರದ ಬುಡದಲ್ಲಿದ್ದವರು ಮಡಿಲಿನಿಂದ ಒಂದು ತೊಗರಿ ಕಾಳು ತೆಗೆದು ಸೆರಗಿನ ಗಂಟಿಗೆ ಹಾಕಿಕೊಳ್ಳುತ್ತಾರೆ.

ಅವರ ಹೆಸರು ಪುತಳಾಬಾಯಿ. ವಯಸ್ಸು ಮೂವತ್ತೈದೋ ನಾಲ್ವತ್ತೋ, ಅವರಿಗೂ ಖಾತ್ರಿಯಿಲ್ಲ. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಯಾ. ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುವುದು ಅವರಿಗೆ ವಹಿಸಿದ ಕೆಲಸ. ಮುಂಜಾನೆ ಮರದ ಕೆಳಗೆ ನಿಂತು ಕಾಳು ಎಣಿಸುವುದು ಯಾರೂ ವಹಿಸದ ಕೆಲಸ. ಊರಿನ ಶಾಲೆಯ ಬಾಗಿಲು ಇವತ್ತಿಗೂ ತೆರೆದಿದ್ದರೆ ಅದು ಈ ಎರಡನೆಯ ಕೆಲಸದಿಂದ.

ಎಣಿಕೆಗೆ ಮೂರು ಬಗೆಯ ಕಾಳು. ಹುಡುಗಿಯ ಸೊಂಟದ ಮೇಲೆ ಕೂಸಿದ್ದರೆ ತೊಗರಿ. ಕೈಯಲ್ಲಿ ಅವಳದೇ ಬುತ್ತಿಯಿದ್ದರೆ, ಅಂದರೆ ಬಾಳೆತೋಟಕ್ಕೋ ಹೊಲಕ್ಕೋ ಕೂಲಿಗೆ ಹೊರಟಿದ್ದರೆ, ಜೋಳ. ಪಾಟಿ ಹಿಡಿದು ಶಾಲೆಗೆ ಬರುವವಳಿಗೆ ಕಡಲೆ. ಒಂದು ಓಣಿಗೆ ಮೂರು ಮುಂಜಾನೆ. ಮೂರೂ ದಿನ ಲೆಕ್ಕ ಒಂದೇ ಬಂದರೆ ಸರಿ, ಇಲ್ಲದಿದ್ದರೆ ನಾಲ್ಕನೆಯ ದಿನ ಮತ್ತೆ ಅದೇ ಮರದ ಬುಡ.

ಮನೆಗೆ ಹೋಗಿ ಕೇಳಿದರೆ ಆಗದೇ ಎಂದರೆ ಪುತಳಾಬಾಯಿ ನಗುತ್ತಾರೆ. "ಎಷ್ಟು ಮಕ್ಕಳು ಅಂತ ಕೇಳಬಾರದ್ರಿ. ಎಣಿಸಿದ್ರ ನದರು ಆಗ್ತದ, ಕೆಟ್ಟ ದೃಷ್ಟಿ ತಾಕ್ತದ. ನಾ ಏನೂ ಕೇಳಂಗಿಲ್ಲ, ನೋಡ್ತೀನಷ್ಟೇ. ಮತ್ತ ನನ್ನ ಒಳಗ ಕರಿಯವ್ರರ ಯಾರದಾರ? ನಮ್ಮ ಕೇರಿಯವ್ರು ಅವ್ರ ಹೊಸ್ತಿಲ ದಾಟಂಗಿಲ್ಲ. ಓಣ್ಯಾಗ ನಿಂತರ ಎಲ್ಲಾ ಕಾಣ್ತದ ಬಿಡ್ರಿ." ಹೊರಗೆ ನಿಲ್ಲಿಸಿದ್ದನ್ನೇ ಅನುಕೂಲ ಮಾಡಿಕೊಂಡ ಈ ಮಾತನ್ನು ಅವರು ಹಗುರವಾಗಿ ಆಡುತ್ತಾರೆ. ಕೇಳುವವರಿಗೆ ಮಾತ್ರ ನಾಚಿಕೆಯಾಗುತ್ತದೆ.

ನಿಜಾಮಶಾಹಿ ಮುಗಿಸಿದ ಪೋಲೀಸ್ ಆಕ್ಷನ್ ಆಗಿ ಐದು ವರ್ಷ ಕಳೆದಿವೆ. ಆ ದಿನಗಳಲ್ಲಿ ಪಟ್ಟಿ ಹಿಡಿದು ಮನೆಮನೆಗೆ ಬಂದವರನ್ನು ಕಂಡವರು ಇವತ್ತಿಗೂ ಪಟ್ಟಿ ಅಂದರೆ ಬಾಗಿಲು ಮುಚ್ಚುತ್ತಾರೆ. ಮೆಹಬೂಬಿ ಎಂಬ ತಾಯಿ ತನ್ನ ಮೂವರು ಹೆಣ್ಣುಮಕ್ಕಳನ್ನು ಹಿತ್ತಲಿಗೆ ಅಟ್ಟಿ, ಮಕ್ಕಳೇ ಇಲ್ಲವೆಂದು ಹೇಳಿ ಕಳಿಸಿದ್ದುಂಟು. ಇನ್ನು ಪುತಳಾಬಾಯಿಯ ನೆರೆಮನೆಯ ಗುಂಡಮ್ಮನ ಲೆಕ್ಕವೇ ಬೇರೆ. "ರೇಷನ್ ಕಾರ್ಡಿಗೆ ಕೇಳಿದ್ರ ಐದು ಅಂತೀವಿ, ಸಾಲಿಯವ್ರು ಕೇಳಿದ್ರ ಎರಡು ಅಂತೀವಿ. ಖರೇ ಎಷ್ಟು ಅಂತ ನಮಗೂ ಒಮ್ಮೊಮ್ಮೆ ಮರ್ತು ಹೋಗ್ತದ ನೋಡ್ರಿ!"

ಹೀಗೆ ಕೇಳಿ ಬರೆದುಕೊಂಡ ಸರಕಾರಿ ಪಟ್ಟಿಯಲ್ಲಿ ಕಮಲಾಪುರದ ಶಾಲೆಗೆ ಹೋಗುವ ವಯಸ್ಸಿನ ಹೆಣ್ಣುಮಕ್ಕಳು ಮೂವತ್ತೆಂಟು. ಶಾಲೆಗೆ ಬರುತ್ತಿದ್ದವರು ಇಪ್ಪತ್ತೆರಡು. ಹೋದ ಮಳೆಗಾಲ ಕಲಬುರಗಿಯ ಕಚೇರಿಯಿಂದ ಕಾಗದ ಬಂತು. ಊರಲ್ಲಿ ಕನಿಷ್ಠ ಅರವತ್ತು ಹುಡುಗಿಯರಾದರೂ ಇಲ್ಲದಿದ್ದರೆ ಶಾಲೆ ಮುಚ್ಚಿ, ಅಲ್ಲಿನ ಒಬ್ಬಳೇ ಶಿಕ್ಷಕಿಯನ್ನು ನಗರಕ್ಕೆ ವರ್ಗ ಮಾಡುತ್ತೇವೆ, ದೀಪಾವಳಿಯ ತನಕ ಗಡುವು ಎಂದು ಅದರಲ್ಲಿತ್ತು.

ಆ ಶಿಕ್ಷಕಿ ಇಕ್ಬಾಲ್ ಬೇಗಂ. ಊರವರಿಗೆ ಉಸ್ತಾನಿ. ಉರ್ದುವಿನಲ್ಲಿ ಕಲಿತವರು, ಈಗ ಮಕ್ಕಳ ಜೊತೆ ಕೂತು ತಾವೂ ಕನ್ನಡ ತಿದ್ದುತ್ತಿದ್ದಾರೆ. "ಕಾಗದ ಓದಿ ಹೇಳಿದೆ. ಪುತಳಾ ಕಸಬರಿಗಿ ಕೆಳಗಿಟ್ಟು, 'ಮೂವತ್ತೆಂಟು ಅಂದ್ರ ಸುಳ್ಳ್ರಿ ಉಸ್ತಾನಿ, ನಮ್ಮೂರಾಗ ಹುಡ್ಗ್ಯಾರು ಬಗ್ಗಳ ಅದಾರ' ಅಂದ್ಳು. 'ಸಬೂತ್ ಏನದ?' ಅಂದೆ. ಮರುದಿನಾ ಸೆರಗಿನ್ಯಾಗ ಕಾಳು ಕಟ್ಟಿಕೊಂಡು ಬಂದ್ಳು!"

ಎಲ್ಲವೂ ಸರಾಗ ನಡೆಯಿತೆಂದೇನೂ ಅಲ್ಲ. ಎರಡು ಓಣಿಯ ಲೆಕ್ಕ ಕಟ್ಟಿಟ್ಟಿದ್ದ ತೊಗರಿ ಗಂಟನ್ನು ಅತ್ತೆ ಬಿಚ್ಚಿ, ಮನೆಯ ತೊಗರಿಯೊಳಗೆ ಸುರಿದು, ಬೀಸಿ, ಬೇಳೆ ಮಾಡಿ ಒಲೆಗೆ ಏರಿಸಿಬಿಟ್ಟರು. ಪುತಳಾಬಾಯಿ ಮನೆಗೆ ಬರುವಷ್ಟರಲ್ಲಿ ಎರಡು ಓಣಿಯ ಹುಡುಗಿಯರು ಘಮಘಮ ಅನ್ನುತ್ತಿದ್ದರು. ಆರು ಮುಂಜಾನೆಯ ಕೆಲಸ ಒಂದೇ ಊಟಕ್ಕೆ ಮುಗಿಯಿತು. ಆಮೇಲೆ ಉಸ್ತಾನಿ ಒಂದು ವಹಿ ಕೊಟ್ಟು, ಹೆಸರು ಬರೆಯುವುದನ್ನು ಕಲಿಸಿದರು. ಕಾಳು ಬರೀ ಎಷ್ಟು ಎಂದು ಹೇಳುತ್ತಿತ್ತು, ವಹಿ ಯಾರು ಎಂದು ಹೇಳತೊಡಗಿತು. ತಾಯಂದಿರು ಕೂಗುವ ಹೆಸರನ್ನು ಕೇಳಿ, ಅಕ್ಷರ ಕೂಡಿಸಿ ಕೂಡಿಸಿ ಪುತಳಾಬಾಯಿ ಬರೆದರು.

ಎರಡೂವರೆ ತಿಂಗಳಾದ ಮೇಲೆ ವಹಿಯಲ್ಲಿ ತೊಂಬತ್ತೊಂದು ಹುಡುಗಿಯರಿದ್ದರು. ಶಾಲೆಗೆ ಬರುವವರು ಆ ಇಪ್ಪತ್ತೆರಡೇ. ಹದಿನೇಳು ಜನ ಕೂಲಿಗೆ. ಎಂಟು ಜನ ಯಾವ ಕಾಳಿಗೂ ಸೇರದವರು, ಯಾಕೆ ಬರುವುದಿಲ್ಲವೋ ತಿಳಿಯದು. ಉಳಿದ ನಾಲ್ವತ್ತನಾಲ್ಕು ಜನರ ಸೊಂಟದ ಮೇಲೆ ತಮ್ಮನೋ ತಂಗಿಯೋ. ಊರಿನ ಜನಕ್ಕೆ ಹೆಣ್ಣುಮಕ್ಕಳನ್ನು ಓದಿಸುವ ಮನಸ್ಸಿಲ್ಲ ಎಂದು ಕಚೇರಿ ತೀರ್ಮಾನಿಸಿಕೊಂಡು ಕೂತಿತ್ತು. ಕೂಸನ್ನು ಕೆಳಗಿಳಿಸಲು ಜಾಗವಿಲ್ಲ ಎಂದು ವಹಿ ಹೇಳುತ್ತಿತ್ತು. ಇಷ್ಟು ಸಣ್ಣ ಸಂಗತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವಲ್ಲ ಎಂದು ಆಶ್ಚರ್ಯವಾಗುತ್ತದೆ.

ವಹಿ ಹಿಡಿದು ಇಬ್ಬರೂ ಬಸ್ಸು ಹತ್ತಿ ಕಲಬುರಗಿಗೆ ಹೋದರು. ಶಾಲೆಗಳ ತಪಾಸಣೆ ನೋಡಿಕೊಳ್ಳುವ ದೇವೀಂದ್ರಪ್ಪನವರು ವಹಿ ತಿರುವಿ ಹಾಕಿ, "ಆಯಾ ಎಣಿಸಿದ್ದಕ್ಕ ನಾ ಹ್ಯಾಂಗ ಸಹಿ ಹಾಕ್ಲಿ?" ಎಂದರು. ಪುತಳಾಬಾಯಿ ಗೋಡೆಗೆ ಆತು ನಿಂತಿದ್ದರು. ಅಲ್ಲಿಂದಲೇ, "ರೊಟ್ಟಿ ಬಡಿಯೋ ಹೊತ್ತಿಗೆ ಒಮ್ಮಿ ಬಂದು ನೋಡ್ರಿ ಸಾಹೇಬ್ರ" ಎಂದರು. ಸಾಹೇಬರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ.

ಮುಂದಿನ ವಾರ ಅವರು ನಿಜಕ್ಕೂ ಬಂದರು. ಚಾವಡಿಯಲ್ಲಿ ಮಲಗಿ, ನಸುಕಿನಲ್ಲೇ ಎದ್ದು, ವಹಿಯ ಒಂದು ಪುಟದ ಮೇಲೆ ಬೆರಳಿಟ್ಟರು. ಈ ಓಣಿ ಸರಿಬಂದರೆ ಎಲ್ಲವೂ ಸರಿ, ತಪ್ಪಿದರೆ ಎಲ್ಲವೂ ತಪ್ಪು ಎಂದು ಕರಾರು ಹಾಕಿದರು. ಬೆರಳಿಟ್ಟದ್ದು ಪುತಳಾಬಾಯಿಯ ಸ್ವಂತ ಕೇರಿಯ ಪುಟ. ಅಲ್ಲಿ ಬರೆದಿದ್ದ ಹೆಸರು ಹದಿನಾಲ್ಕು.

ದೇವೀಂದ್ರಪ್ಪನವರು ಒಂದೊಂದೇ ಬಾಗಿಲು ನೋಡುತ್ತಾ, ಬೆರಳು ಮಡಿಸುತ್ತಾ ನಡೆದರು. ಕೇರಿಯ ತುದಿಗೆ ನಿಂತು, "ಹದಿನೈದು" ಎಂದರು. ಉಸ್ತಾನಿಯ ಮುಖ ಬಿಳಿಚಿಕೊಂಡಿತು. ಸಾಹೇಬರು ಮತ್ತೆ ಮೊದಲಿನಿಂದ ಹೆಸರು ಓದುತ್ತಾ ಬಂದರು. ಕೊನೆಯ ಗುಡಿಸಲಿನ ಹೊಸ್ತಿಲಲ್ಲಿ ಒಂಬತ್ತು ವರ್ಷದ ಹುಡುಗಿ, ಒಂದೂವರೆ ವರ್ಷದ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಹೆಸರು ವಹಿಯಲ್ಲಿ ಇರಲಿಲ್ಲ.

"ಇದು ಯಾರ ಹುಡ್ಗಿ?"

ಪುತಳಾಬಾಯಿ ತಲೆ ತಗ್ಗಿಸಿದರು. "ನಂದ್ರಿ. ಶೇವಂತಾ. ಅಕಿ ಸೊಂಟದ ಮ್ಯಾಗಿನವ ತುಕಾರಾಮ."

"ಮತ್ತ ಯಾಕ ಬರ್ದಿಲ್ಲ?"

"ಹಡದ ಕೂಸಿನ್ನ ನಾನೇ ಹ್ಯಾಂಗ ಎಣಿಸ್ಲಿರಿ?"

ಗಂಡ ಮಾಪಣ್ಣ ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ಹಮಾಲ, ವಾರಕ್ಕೊಮ್ಮೆ ಬರುವವರು. ಅತ್ತೆಗೆ ಕಣ್ಣು ಮಂಜು. ಊರಿನ ಹುಡುಗಿಯರನ್ನು ಶಾಲೆಗೆ ತರಲು ತಾಯಿ ಮರದ ಬುಡದಲ್ಲಿ ನಿಂತಿದ್ದಷ್ಟು ದಿನವೂ ಮಗಳು ಮನೆಯಲ್ಲಿ ತಮ್ಮನನ್ನು ಆಡಿಸುತ್ತಿದ್ದಳು. ಎಲ್ಲರ ಮನೆಯ ನದರಿನ ಭಯವನ್ನು ದಾಟಿ ಎಣಿಸಿದವರಿಗೆ ತಮ್ಮ ಮನೆಯದನ್ನು ದಾಟಲು ಆಗಿರಲಿಲ್ಲ. ಅದನ್ನು ಹೇಳುವಾಗ ಪುತಳಾಬಾಯಿಯ ಕಣ್ಣಲ್ಲಿ ಇವತ್ತಿಗೂ ನೀರಾಡುತ್ತದೆ. "ಅವತ್ತೇ ನನಗ ಗೊತ್ತಾತ್ರಿ. ನನ್ನ ಮಗಳೂ ಅವ್ರೊಳಗ ಒಬ್ಬಾಕಿ ಅಂತ."

ಶಾಲೆ ಹೋಯಿತು ಎಂದೇ ಉಸ್ತಾನಿ ಅಂದುಕೊಂಡರು. ದೇವೀಂದ್ರಪ್ಪನವರು ಮಾತ್ರ ವಹಿಯ ಪುಟವನ್ನೂ ಹುಡುಗಿಯನ್ನೂ ಮತ್ತೊಮ್ಮೆ ನೋಡಿದರು. ಕೊನೆಗೆ ಅವರು ಹೇಳಿದ್ದನ್ನು ಉಸ್ತಾನಿ ಹಾಗೆಯೇ ನೆನಪಿಟ್ಟಿದ್ದಾರೆ. "ಎಣಿಸಾಕತ್ತಾಕಿನೇ ತನ್ನ ಮಗಳನ್ನ ಬಿಟ್ಟಾಳಂದ್ರ, ನಾವು ಕೇಳಿ ಬರಕೊಂಡ ಮೂವತ್ತೆಂಟಕ್ಕ ಏನು ಅರ್ಥ ಅದ?" ಅಲ್ಲೇ ಕೇರಿಯ ಕಟ್ಟೆಯ ಮೇಲೆ ಕೂತು, ಜೇಬಿನಿಂದ ಪೆನ್ನು ತೆಗೆದು, ಹದಿನಾಲ್ಕರ ಕೆಳಗೆ ತಾವೇ ಹದಿನೈದನೆಯ ಹೆಸರು ಬರೆದರು. ಒಟ್ಟು ತೊಂಬತ್ತೆರಡು.

ದೀಪಾವಳಿಗೆ ನಾಲ್ಕು ದಿನ ಮುಂಚೆ ಹುಕುಂ ಬಂತು. ಶಾಲೆ ಉಳಿಯುತ್ತದೆ. ಹುಡುಗಿಯರು ಕೂಸುಗಳನ್ನು ಜೊತೆಗೆ ತರಬಹುದು, ಪಡಸಾಲೆಯಲ್ಲಿ ಆಯಾ ನೋಡಿಕೊಳ್ಳತಕ್ಕದ್ದು. ಸುತ್ತಲಿನ ಊರುಗಳಲ್ಲೂ ಮಕ್ಕಳನ್ನು ಮುಂಜಾನೆ ಹೊತ್ತಿನಲ್ಲಿ, ಕೇಳದೆ ನೋಡಿ ಎಣಿಸತಕ್ಕದ್ದು. ಹುಕುಮಿನಲ್ಲಿ ಪುತಳಾಬಾಯಿಯ ಹೆಸರಿಲ್ಲ. ಅವರಿಗೆ ಅದರ ಚಿಂತೆಯೂ ಇಲ್ಲ. ಈಗ ಹಾಜರಿ ಐವತ್ತೇಳಕ್ಕೆ ಏರಿದೆ, ಪಡಸಾಲೆಯಲ್ಲಿ ಮೂವತ್ತೊಂದು ಕೂಸು. ಒಂದಕ್ಕೆ ಹಸಿವು, ಒಂದಕ್ಕೆ ನಿದ್ದೆ, ಇನ್ನೊಂದು ಪಕ್ಕದ ಕೂಸಿನ ಕೈಯಲ್ಲಿದ್ದ ಬಾಳೆಹಣ್ಣು ಕಸಿದುಕೊಂಡು ಓಡುತ್ತದೆ. ಕೂಲಿಗೆ ಹೋಗುವ ಹದಿನೇಳು ಜನ ಇನ್ನೂ ಬಂದಿಲ್ಲ. ಅದಕ್ಕೇ ಈಗಲೂ ಮುಂಜಾನೆ ಮರದ ಬುಡ ತಪ್ಪಿಲ್ಲ.

ಏನಾದರೂ ಬೇಕೇ ಎಂದು ಕೇಳಿದರೆ ತುಸು ಯೋಚಿಸಿ, "ಎರಡು ತೊಟ್ಟಿಲ ಕೊಟ್ರ ಛಲೋ ಆಗ್ತಿತ್ತ್ರಿ. ಮಲಗಿದ ಕೂಸಿಗೆ ನೆಲದ ಮ್ಯಾಲ ಥಂಡಿ ಹಿಡೀತದ" ಎನ್ನುತ್ತಾರೆ.

ವರ್ಷದ ಪಟ್ಟಿ ಮತ್ತೆ ಹೊಸದಾಗಿ ಬರೆಯುವ ಕಾಲ ಬಂದಿದೆ. ಊರೆಲ್ಲಾ ಪುತಳಾಬಾಯಿಯೇ ಎಣಿಸುತ್ತಾರೆ. ತಮ್ಮ ಬಾಗಿಲಿನ ಮುಂದೆ ಮಾತ್ರ ಸೆರಗಿನ ಗಂಟನ್ನು ಗುಂಡಮ್ಮನ ಕೈಗೆ ಕೊಟ್ಟು, ಮುಖ ತಿರುಗಿಸಿ ನಿಲ್ಲುತ್ತಾರೆ. ಗುಂಡಮ್ಮ ಕಾಳು ಹಾಕುತ್ತಾಳೆ. ಈ ಸಲ ಅದು ತೊಗರಿಯಲ್ಲ, ಕಡಲೆ.

ಹತ್ತೂವರೆಗೆ ಗಂಟೆ ಹೊಡೆದು ಪುತಳಾಬಾಯಿ ಪಡಸಾಲೆಯಲ್ಲಿ ಕೂರುತ್ತಾರೆ. ತುಕಾರಾಮ ತೊಡೆಯ ಮೇಲೆ. ಒಳಗೆ ಉಸ್ತಾನಿ ಹಾಜರಿ ಕೂಗುತ್ತಿದ್ದಾರೆ. ಒಂದು ಹೆಸರು ಬರುವ ಹೊತ್ತಿಗೆ ಅಳುವ ಕೂಸಿನ ಬೆನ್ನು ತಟ್ಟುತ್ತಿದ್ದ ಅವರ ಕೈ ನಿಲ್ಲುತ್ತದೆ.

"ಶೇವಂತಾ ಮಾಪಣ್ಣ."

"ಬಂದೀನ್ರಿ!"

ಕೈ ಮತ್ತೆ ಬೆನ್ನು ತಟ್ಟತೊಡಗುತ್ತದೆ. "ನಾ ಅಕಿನ್ನ ಎಣಸಂಗಿಲ್ರಿ" ಎನ್ನುತ್ತಾರೆ ಪುತಳಾಬಾಯಿ. "ದಿನಾ ಕೇಳ್ತೀನಿ."