ಕತ್ತಲಪ್ಪ ಮತ್ತು ಇಸ್ತ್ರಿ ಕೋಣೆಯ ಸ್ವಿಚ್ಚು

ಅವನಿಗೆ ಕತ್ತಲಪ್ಪ ಎಂದು ಹೆಸರಿಟ್ಟವರು ಲಾಂಡ್ರಿಯ ಇಸ್ತ್ರಿ ಕೋಣೆಯ ಹೆಂಗಸರು. ಅವನು ಕಾಲಿಟ್ಟ ಕಡೆಯೆಲ್ಲ ದೀಪ ಆರುತ್ತಿತ್ತು, ಫ್ಯಾನು ನಿಲ್ಲುತ್ತಿತ್ತು. ಹೆಸರಿಡುವುದಕ್ಕೆ ಇನ್ನೇನು ಬೇಕು? ಅವನಿಗೂ ಅದರಿಂದ ಬೇಸರವಿರಲಿಲ್ಲ. ಹೆತ್ತವರು ಇಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ ಓಗೊಡಲು ತುಸು ತಡವಾಗುವಷ್ಟು ಈ ಹೆಸರು ಅವನಿಗೆ ಒಗ್ಗಿಹೋಗಿತ್ತು.

ಆಸ್ಪತ್ರೆಗಳ ಹಾಸುಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳುಹಿಸುವ ದೊಡ್ಡ ಲಾಂಡ್ರಿ ಅದು. ಅಲ್ಲಿನ ಪ್ರತಿಯೊಂದು ಕೋಣೆಯ ಬಾಗಿಲ ಬಳಿ ಒಂದು ಸುರಕ್ಷಾ ಸ್ವಿಚ್ಚು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಮೇಷ್ಟ್ರು ಹೋಗುವಾಗ ಎಣಿಸಿ, ಬರುವಾಗಲೂ ಎಣಿಸುತ್ತಾರಲ್ಲ, ಆ ಸ್ವಿಚ್ಚಿನದೂ ಅದೇ ಕೆಲಸ. ಹೋದ ಕರೆಂಟೆಲ್ಲ ಹಿಂದಿರುಗಿ ಬರಬೇಕು. ಅದರಲ್ಲಿ ಒಂದಿಷ್ಟು ದಾರಿ ತಪ್ಪಿ ಯಾರದೋ ಮೈಯ ಮೂಲಕ ನೆಲಕ್ಕಿಳಿಯಿತೋ, ಸ್ವಿಚ್ಚು ರೆಪ್ಪೆ ಬಡಿಯುವುದರೊಳಗೆ ಟಕ್ಕೆಂದು ಬೀಳುತ್ತದೆ. ಕೋಣೆಗೆ ಕೋಣೆಯೇ ನಿಲ್ಲುತ್ತದೆ. ಬೀಳಬೇಕಾದಾಗ ಬೀಳುವುದೇ ಅದರ ಗುಣ. ಅದು ಸರಿಯಾಗಿ ಬೀಳುತ್ತದೆಯೇ ಎಂದು ತಿಂಗಳು ತಿಂಗಳೂ ನೋಡುವುದು, ಎಷ್ಟು ಬೇಗ ಬಿದ್ದಿತೆಂದು ಅಳೆದು ಬರೆದಿಡುವುದು, ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ತಾರೀಖಿನ ಚೀಟಿ ಅಂಟಿಸುವುದು ಕತ್ತಲಪ್ಪನ ಉದ್ಯೋಗ.

ಆ ಉದ್ಯೋಗದಲ್ಲಿ ಅವನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ವಿಚ್ಚು ಬಿದ್ದ ಮೇಲಿನ ನಿಶ್ಶಬ್ದ. ಯಂತ್ರಗಳ ಗುಂಯ್‌ಗುಡುವಿಕೆ ಕೆರೆಯ ನೀರಿನಂತೆ ಮೆಲ್ಲಗೆ ಇಳಿದುಹೋಗುತ್ತಿತ್ತು. ಆಗ, ಅಷ್ಟು ಹೊತ್ತು ಅಡಿಯಲ್ಲಿ ಮುಳುಗಿದ್ದ ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಮೇಲೆ ಬರುತ್ತಿದ್ದವು: ನಲ್ಲಿಯ ತೊಟ್ಟು, ಯಾರದೋ ಬಳೆ, ಕಿಟಕಿಯಾಚೆ ಹೋಗುವ ಸೈಕಲ್ಲು. ಹಬೆಯ ನಡುವೆ ತೂಗುಬಿದ್ದ ಬಿಳಿಯ ಬಟ್ಟೆಗಳು ತಮ್ಮಷ್ಟಕ್ಕೆ ತಾವೇ ಉಸಿರಾಡುತ್ತಿರುವಂತೆ ಕಾಣುತ್ತಿದ್ದವು. ಕೈಯಲ್ಲಿ ಅಳತೆಯ ಯಂತ್ರ ಹಿಡಿದುಕೊಂಡು ಕತ್ತಲಪ್ಪ ನಿಂತಲ್ಲೇ ಕಳೆದುಹೋಗುತ್ತಿದ್ದನು. ರೋಗಿಗಳ ಅಂಗಿಗೆ ಗುಂಡಿ ಹೊಲಿಯುವಾಕೆಯೇ ಅವನನ್ನು ಎಚ್ಚರಿಸಬೇಕಾಗುತ್ತಿತ್ತು. ಆಕೆಯ ಬಾಯಿ ಆಕೆಯ ಸೂಜಿಗಿಂತ ಚೂಪು. ಇವರನ್ನು ಹೀಗೇ ಬಿಟ್ಟರೆ ಇವರಿಗೂ ಇಸ್ತ್ರಿ ಮಾಡಿ ಮಡಿಸಿಡಬೇಕಾದೀತು ಎಂದು ಅವಳೆಂದರೆ ಕೋಣೆಯೆಲ್ಲ ನಗುತ್ತಿತ್ತು.

ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಅವನ ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಬಟ್ಟೆಗೆ ನೀರು ಚಿಮುಕಿಸುವುದರಲ್ಲಿ ಅವಳಿಗೆ ಅವಳೇ ಸಾಟಿ. ಬೋಗುಣಿಯಲ್ಲಿ ಬೆರಳು ಅದ್ದಿ ಕೈ ಬೀಸಿದಳೆಂದರೆ ಹಾಸಿನ ಈ ತುದಿಯಿಂದ ಆ ತುದಿಯವರೆಗೆ ಮಂಜು ಬಿದ್ದಂತೆ ಹನಿ. ಮೊದಲೆಲ್ಲ ಅವಳು ಕೆಲಸದ ಜೊತೆಗೆ ಏನನ್ನೋ ಗುನುಗುತ್ತಿದ್ದಳು. ಭಾವ ಆ ಲಾಂಡ್ರಿಯಲ್ಲೇ ಬಾಯ್ಲರಿನ ಕೆಲಸದಲ್ಲಿದ್ದವರು. ಅವರು ತೀರಿಹೋದ ಮೇಲೆ ಗುನುಗು ನಿಂತುಹೋಯಿತು. ಅಕ್ಕ ಬರುತ್ತಿದ್ದಳು, ದುಡಿಯುತ್ತಿದ್ದಳು, ಹೋಗುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೆ.

ಹೀಗಿರುವಾಗ ಇಸ್ತ್ರಿ ಕೋಣೆಯ ಸ್ವಿಚ್ಚಿಗೆ ಏನೋ ಹಿಡಿಯಿತು. ಮಧ್ಯಾಹ್ನದ ಮೇಲೆ ಯಾವಾಗೆಂದರೆ ಆವಾಗ ತಾನಾಗಿ ಬೀಳತೊಡಗಿತು. ಇಸ್ತ್ರಿ ಪೆಟ್ಟಿಗೆಗಳು ತಣ್ಣಗಾಗುತ್ತಿದ್ದವು, ಒದ್ದೆ ಬಟ್ಟೆಗಳು ಗುಡ್ಡೆಯಾಗುತ್ತಿದ್ದವು, ಆಸ್ಪತ್ರೆಯ ಲಾರಿ ಅಂಗಳದಲ್ಲಿ ಕಾಯುತ್ತಿತ್ತು. ಕತ್ತಲಪ್ಪ ಬಂದು ಅಳೆದನು. ಸ್ವಿಚ್ಚಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದನು, ತಂತಿಗಳನ್ನು ತಡಕಿದನು, ಎಲ್ಲವೂ ಸರಿ. ಸರಿಯೆಂದು ಬರೆದು ಅವನು ಅತ್ತ ಹೋದರೆ ಇತ್ತ ಮತ್ತೆ ಕತ್ತಲು.

ಮ್ಯಾನೇಜರು ಕೆಟ್ಟವರೇನಲ್ಲ. ಆದರೆ ಆಸ್ಪತ್ರೆಯವರ ಮಾತು ಕೇಳಿ ಕೇಳಿ ಅವರ ತಲೆ ಕೆಟ್ಟಿತ್ತು. ಒಂದು ಬೆಳಗ್ಗೆ ಕತ್ತಲಪ್ಪನನ್ನು ಕರೆದು ಕೂರಿಸಿ, ಈ ದಿನ ಸಂಜೆಯೊಳಗೆ ಕಾರಣ ಸಿಗದಿದ್ದರೆ ಆ ಸ್ವಿಚ್ಚನ್ನು ಕಿತ್ತು ನೇರ ತಂತಿ ಕೊಡಿಸುವುದಾಗಿ ಹೇಳಿದರು. ಕತ್ತಲಪ್ಪನ ಕಣ್ಣ ಮುಂದೆ ಇದ್ದದ್ದು ಒಂದೇ: ನೀರಿನಿಂದ ಎದ್ದು ಬಿಸಿ ಪೆಟ್ಟಿಗೆಯ ಹಿಡಿಗೆ ಹೋಗುವ ಅಕ್ಕನ ಒದ್ದೆ ಕೈ. ಅವಳಿಗೂ ನೆಲಕ್ಕೂ ನಡುವೆ ಕಾವಲಿದ್ದದ್ದು ಆ ಸ್ವಿಚ್ಚೊಂದೇ.

ಆ ದಿನ ಅವನು ಅಳತೆಯ ಯಂತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ. ಗುಂಡಿ ಹೊಲಿಯುವಾಕೆಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತನು. ಕೆಲಸ ನಡೆಯುತ್ತಿರುವ ಇಸ್ತ್ರಿ ಕೋಣೆಯನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಅವನು ಬಂದನೆಂದರೆ ಎಲ್ಲರೂ ಪೆಟ್ಟಿಗೆಗಳನ್ನು ಎತ್ತಿಟ್ಟು ಕೈಕಟ್ಟಿ ನಿಲ್ಲುತ್ತಿದ್ದರು. ಅವನು ಇಷ್ಟು ವರ್ಷ ಪರೀಕ್ಷಿಸಿದ್ದು ನಿಂತ ಕೋಣೆಯನ್ನು.

ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿಯಿತು. ಹಬೆ ಚಿನ್ನದ ಬಣ್ಣಕ್ಕೆ ತಿರುಗಿತು. ಪೆಟ್ಟಿಗೆಗಳು ದೋಣಿಗಳಂತೆ ಬಿಳಿಯ ಬಟ್ಟೆಯ ಮೇಲೆ ಹೋಗುತ್ತಿದ್ದವು, ಬರುತ್ತಿದ್ದವು. ಕತ್ತಲಪ್ಪನಿಗೆ ಜೋಂಪು ಹತ್ತಿದಂತಾಯಿತು. ಆ ಜೋಂಪಿನ ಅಂಚಿನಲ್ಲಿ ಎಲ್ಲಿಂದಲೋ ಎಳೆಯಾಗಿ ಒಂದು ರಾಗ ಬಂದಿತು. ಸೊಂಟದ ಮೇಲೆ ಕುಳಿತು, ಹೆಗಲಿಗೆ ಕೆನ್ನೆಯಿಟ್ಟು ಕೇಳಿದ ರಾಗ. ಕನಸೆಂದೇ ತಿಳಿದು ಕಣ್ಣು ತೆರೆದನು. ಅಕ್ಕ ಗುನುಗುತ್ತಿದ್ದಳು.

ಎದ್ದು ಹೋಗುವುದರಲ್ಲಿದ್ದ ಅವನ ತೋಳನ್ನು ಗುಂಡಿ ಹೊಲಿಯುವಾಕೆ ಗಟ್ಟಿಯಾಗಿ ಹಿಡಿದಳು.

“ಸುಮ್ಮನೆ ಕೂತ್ಕೊಳ್ಳಿ,” ಎಂದು ಪಿಸುಗುಟ್ಟಿದಳು. “ಸ್ವಲ್ಪ ದಿನದಿಂದ ಶುರು ಮಾಡಿದಾರೆ. ಅವರಿಗೇ ಗೊತ್ತಿಲ್ಲ. ಈಗ ಕರೆಂಟು ಹೋಗುತ್ತೆ, ನೋಡ್ತಿರಿ.”

ರಾಗ ಏರಿದಂತೆ ಅಕ್ಕನ ಕೈಯೂ ಏರಿತು. ಬೀಸು ಅಗಲವಾಯಿತು. ಹನಿಗಳು ಬಟ್ಟೆಯನ್ನು ದಾಟಿ, ಮೇಜಿನ ಅಂಚನ್ನು ದಾಟಿ, ಬಿಸಿಲಿನಲ್ಲಿ ಮಿನುಗಿ ಆಚೆಯ ಗೋಡೆಯ ಬುಡಕ್ಕೆ ಬಿದ್ದವು. ಅಲ್ಲಿ, ನೆಲಕ್ಕೆ ಅಂಟಿದಂತೆ, ಒಂದು ಹಳೆಯ ಪ್ಲಗ್ ಬೋರ್ಡು.

ಟಕ್.

ಫ್ಯಾನುಗಳು ನಿಧಾನವಾಗಿ ನಿಂತವು. ರಾಗವೂ ನಿಂತಿತು. “ಹೋಯ್ತು ನೋಡು ಮತ್ತೆ,” ಎಂದು ಅಕ್ಕ ಗೊಣಗಿದಳು. ಆ ನಿಶ್ಶಬ್ದ ಕತ್ತಲಪ್ಪನಿಗೆ ಮೊದಲ ಬಾರಿಗೆ ಬೇಡವೆನಿಸಿತು.

ಅವನು ಮುಖ್ಯ ಸ್ವಿಚ್ಚನ್ನೂ ಆರಿಸಿ ಬಂದು, ಬೋರ್ಡಿನ ಮುಚ್ಚಳ ಬಿಚ್ಚಿದನು. ಒಳಗೆಲ್ಲ ತೇವ. ಆ ಬಿಸಿ ಕೋಣೆಯಲ್ಲಿ ಅವನಿಗೆ ಕರೆ ಹೋಗಿ ಅವನು ಬರುವಷ್ಟರಲ್ಲಿ ಅದು ಪ್ರತಿ ಸಲವೂ ಆರಿಹೋಗುತ್ತಿತ್ತು. ಸುದ್ದಿ ತಿಳಿದು ಬಂದ ಮ್ಯಾನೇಜರಿಗೆ ಬೋರ್ಡು ತೋರಿಸಿ, ನೀರು ಬೀಳುವ ಜಾಗ, ಹೊಸದನ್ನು ಗೋಡೆಯ ಮೇಲೆ ಎತ್ತರದಲ್ಲಿ ಹಾಕಬೇಕು ಎಂದನು. ಯಾರ ನೀರು ಎಂದು ಅವರು ಕೇಳಿದರು. “ಇಸ್ತ್ರಿ ಕೋಣೆಯ ನೀರು ಸಾರ್,” ಎಂದನು ಕತ್ತಲಪ್ಪ. ಮ್ಯಾನೇಜರು ಅವನ ಮುಖವನ್ನೂ ಲಾರಿ ನಿಂತಿದ್ದ ಅಂಗಳವನ್ನೂ ನೋಡಿ, ಬೇಗ ಮುಗಿಸಿ ಎಂದಷ್ಟೇ ಹೇಳಿ ಹೋದರು.

ಅಕ್ಕ ಬೋಗುಣಿಯನ್ನು ನೋಡುತ್ತ ನಿಂತಿದ್ದಳು.

“ನನ್ನ ಕೈ ನೀರೇ ಅಲ್ವೇನೋ ಅದು?”

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಹೂಂ ಅಕ್ಕ. ನೀನು ಗುನುಗುವಾಗ ಕೈ ದೂರ ಹೋಗುತ್ತೆ.”

“ಗುನುಗೋದಾ? ನಾನಾ?” ಅಕ್ಕ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಒಬ್ಬರೂ ತಲೆ ಎತ್ತಲಿಲ್ಲ. “ಅಂದ್ರೆ ನಿಮಗೆಲ್ಲ ಗೊತ್ತಿತ್ತು. ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ,” ಎಂದಳು ಗುಂಡಿ ಹೊಲಿಯುವಾಕೆ. “ಹೋದ ಕರೆಂಟು ಹೇಗೂ ಬರುತ್ತೆ ಅಕ್ಕ. ಈ ಗುನುಗು ಮತ್ತೆ ಹೋದ್ರೆ ಯಾರನ್ನ ಕರೆಯೋದು? ಕತ್ತಲಪ್ಪನನ್ನಾ?”

ಯಾರೂ ನಗಲಿಲ್ಲ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು, ಬೋಗುಣಿಯನ್ನು ಮೇಜಿನ ಈಚೆಗೆ ಎಳೆದುಕೊಂಡಳು, ತುಟಿ ಬಿಗಿದಳು. ಸ್ವಿಚ್ಚನ್ನು ಉಳಿಸಲು ಹೋಗಿ ತಾನೇನು ಮಾಡಿಬಿಟ್ಟೆ ಎಂದು ಕತ್ತಲಪ್ಪನಿಗೆ ಅನ್ನಿಸಿತು.

ಆದರೂ ಕೈ ಕೆಲಸ ಬಿಡಲಿಲ್ಲ. ಹಳೆಯ ಬೋರ್ಡನ್ನು ಕಿತ್ತು, ಹೊಸದನ್ನು ಎದೆಯೆತ್ತರದಲ್ಲಿ, ಅಕ್ಕನ ಬೆನ್ನ ಹಿಂದಿನ ಗೋಡೆಗೆ ಕೂರಿಸಿದನು. ಕರೆಂಟು ಕೊಟ್ಟು, ಸ್ವಿಚ್ಚನ್ನು ಯಂತ್ರದಿಂದ ಬೀಳಿಸಿ ನೋಡಿದನು, ಅಳತೆಯನ್ನು ಬರೆದನು, ಚೀಟಿ ಅಂಟಿಸಿದನು. ಕೆಲಸ ನಡೆಯುವಾಗ ಅದು ಬೀಳದೆ ಇರುತ್ತದೆಯೇ ಎಂಬುದನ್ನು ಮಾತ್ರ ಇನ್ನೂ ನೋಡಬೇಕಾಗಿತ್ತು. ಹಾಡು ಎಂದು ಅಕ್ಕನನ್ನು ಕೇಳುವುದು ಹೇಗೆ? ಮತ್ತೆ ಸ್ಟೂಲಿನ ಮೇಲೆ ಕುಳಿತನು.

ಪೆಟ್ಟಿಗೆಗಳು ಬಿಸಿಯಾದವು. ಅಕ್ಕ ಬೆರಳ ತುದಿಯಿಂದ, ಔಷಧಿ ಹಾಕುವವರ ಹಾಗೆ, ಲೆಕ್ಕ ಹಾಕಿ ಹನಿ ಬಿಡುತ್ತಿದ್ದಳು. ಬಟ್ಟೆ ಮಡಿಕೆಯಾಗಿ ಅಂಗಳಕ್ಕೆ ಹೋಗುತ್ತಿತ್ತು. ಸಂಜೆಯ ಬೆಳಕು ಗೋಡೆ ಹತ್ತಿ ಹೊಸ ಬೋರ್ಡನ್ನು ಮುಟ್ಟಿತು. ಗುಂಡಿ ಹೊಲಿಯುವಾಕೆಯೂ ಮಾತು ಮರೆತಳು. ಕೋಣೆಯಲ್ಲಿ ಹಬೆಯ ಸದ್ದು, ಬಟ್ಟೆಯ ಸದ್ದು, ಅಷ್ಟೆ. ಆ ಬಿಳುಪಿನಲ್ಲಿ ಯಾರು ಎಲ್ಲಿದ್ದಾರೆಂಬುದೇ ಮರೆಯುವಂತಿತ್ತು. ಅಕ್ಕನಿಗೂ ಮರೆತಿರಬೇಕು. ಕೊನೆಯ ಗುಡ್ಡೆಗೆ ಬರುವ ಹೊತ್ತಿಗೆ ಅವಳ ಬಿಗಿದ ತುಟಿಗಳ ಹಿಂದಿನಿಂದ ಅದು ಬಂದಿತು, ಮೊದಲು ಉಸಿರಿನಂತೆ, ಆಮೇಲೆ ಎಳೆಯಾಗಿ.

ಒಬ್ಬರೂ ಕದಲಲಿಲ್ಲ.

ರಾಗ ಏರಿತು. ಕೈ ಬೋಗುಣಿಗೆ ಹೋಯಿತು, ಎದ್ದಿತು, ಬೀಸಿತು. ಹನಿಗಳು ಮೇಜನ್ನು ದಾಟಿ ಬರಿಯ ನೆಲದ ಮೇಲೆ ಚದುರಿದವು. ಫ್ಯಾನು ತಿರುಗುತ್ತಲೇ ಇತ್ತು. ಕತ್ತಲಪ್ಪನ ಕೆಲಸ ಮುಗಿದಿತ್ತು, ಬರೆಯಬಹುದಾಗಿತ್ತು. ಅವನು ಪೆನ್ನಿನ ಕ್ಯಾಪು ತೆಗೆಯಲಿಲ್ಲ.

ಅಕ್ಕ ಅವನತ್ತ ತಿರುಗಿದಳು. ಗುನುಗುತ್ತಿರುವುದು ಈಗ ಅವಳಿಗೂ ತಿಳಿದಿತ್ತೆಂಬುದು ಅವಳ ಕಣ್ಣಲ್ಲಿ ಕಾಣುತ್ತಿತ್ತು. ಅವಳು ಒಂದು ಗಳಿಗೆ ತಡೆದಳು.

“ಏನು ನೋಡ್ತಾ ಕೂತಿದೀಯ? ಬಾ, ಈ ತುದಿ ಹಿಡಿ.”

ಅವನು ಎದ್ದು ಹೋಗಿ ಹಾಸುಬಟ್ಟೆಯ ತುದಿ ಹಿಡಿದನು. ಬಟ್ಟೆ ಇನ್ನೂ ಬೆಚ್ಚಗಿತ್ತು. ಎಳೆದು ಬಿಗಿ ಮಾಡಿ, ಮಡಿಸಿ, ಅಕ್ಕನೂ ತಮ್ಮನೂ ಒಬ್ಬರ ಕಡೆಗೊಬ್ಬರು ನಡೆದು ಬರುತ್ತಿದ್ದಂತೆ ಅವಳು ನಿಲ್ಲಿಸಿದ್ದ ಕಡೆಯಿಂದಲೇ ರಾಗವನ್ನು ಎತ್ತಿಕೊಂಡಳು.