ಎರಡು ವರ್ಷ ದೊಡ್ಡ ಪೈಜಾಮ

ನನ್ನ ಮಗಳು ಪುಟ್ಟಿಗೆ ಆರು ವರ್ಷ. ಕಳೆದ ಶುಕ್ರವಾರ ಮನೆಯವರೆಲ್ಲ ಸೇರಿ ಅವಳಿಗೆ ಎಂಟು ವರ್ಷದವಳ ಅಳತೆಯ ಪೈಜಾಮ ತೊಡಿಸಿದರು. ಹೆಜ್ಜೆ ಇಟ್ಟಳು, ಕಾಲು ತೊಡರಿ ಮುಗ್ಗರಿಸಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಹೆಣ್ಣುಮಗುವಿಗೆ ಪೈಜಾಮ ಯಾಕೆ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಮಂಡ್ಯಕ್ಕೆ ನಾಲೆ ಬಂತು, ಗದ್ದೆ ಬಂತು, ಕಬ್ಬು ಬಂತು. ಜೊತೆಗೆ ಸೊಳ್ಳೆಯೂ ಬಂತು. ಹೋದ ವರ್ಷ ಪುಟ್ಟಿ ಚಳಿಜ್ವರದಲ್ಲಿ ಗಡಗಡ ನಡುಗಿದ್ದನ್ನು ನಾನಿನ್ನೂ ಮರೆತಿಲ್ಲ. ಮತ್ತೊಮ್ಮೆ ಬಂದರೆ ಈ ಕಡ್ಡಿಯಂಥ ಮಗು ತಡೆಯುವುದು ಕಷ್ಟ, ಸಂಜೆಯಾದರೆ ಕಾಲು ಮುಚ್ಚಿಡಿ ಎಂದರು ಡಾಕ್ಟರು. ಕಾಲು ಮುಚ್ಚುವುದೆಂದರೆ ಲಂಗದೊಳಗೊಂದು ಪೈಜಾಮ ತಾನೆ?

ಯುದ್ಧದ ಕಾಲ, ಬಟ್ಟೆಗೂ ರೇಷನ್. ಕಂಟ್ರೋಲ್ ಬಟ್ಟೆಗೆ ಕ್ಯೂ ನಿಂತು ಒಂದು ತುಂಡು ತಂದೆ. ಪಕ್ಕದ ಮನೆಯ ಖತೀಜಾಬಿ ತಮ್ಮ ಮಗಳ ಪೈಜಾಮವನ್ನು ನೋಡಿಕೊಂಡು ಹೊಲಿಯಲೆಂದು ಕೊಟ್ಟರು. ಅದೇನು ಬ್ರಹ್ಮವಿದ್ಯೆಯಲ್ಲ. ಎರಡು ಕಾಲು, ಸೊಂಟಕ್ಕೊಂದು ಲಾಡಿ. ಪುಟ್ಟಿಯ ಅಳತೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಎತ್ತಿಕೊಂಡೆ. ಅತ್ತೆ ಓಡಿಬಂದರು.

“ಅಯ್ಯೋ, ಏನ್ ಮಾಡ್ತಿದ್ದೀಯವ್ವ? ಬೆಳೆಯೋ ಮಗ ಕಣಮ್ಮ! ಮುಂದಿನ್ ವರ್ಸ ಏನ್ ಆಕ್ತೀಯೆ?”

“ಈಗ ಕಚ್ಚೋ ಸೊಳ್ಳೆಗೆ ಕಣತ್ತೆ ಇದು.”

“ಉದ್ದ ಬುಡು, ಅಗ್ಲ ಬುಡು. ಬಟ್ಟೆ ಏನ್ ಮರದಲ್ಲಿ ಬುಡ್ತದಾ?”

ಜಗಲಿಯಿಂದ ಯಜಮಾನರ ದನಿ: “ಅವ್ವ ಏಳೋದು ಸರಿ ಕಣೆ.” (ಪೇಪರಿನ ಹಿಂದೆ ಕೂತು ತೀರ್ಪು ಕೊಡುವ ಈ ಅಭ್ಯಾಸ ಗಂಡಸರಿಗೆ ಎಲ್ಲಿಂದ ಬಂತೋ!) ಇಬ್ಬರ ಮುಂದೆ ನನ್ನ ಮಾತು ನಡೆಯಲಿಲ್ಲ. ಗೆರೆ ಅಳಿಸಿ ದೊಡ್ಡದಾಗಿ ಎಳೆದೆ.

ಉದ್ದವೇನೋ ಸರಿ, ಮಡಿಸಬಹುದು. ಅಗಲಕ್ಕೆ ಏನು ಮಾಡುವುದು? ಶನಿವಾರ ಬೆಳಿಗ್ಗೆ ಪೈಜಾಮ ಬಿಚ್ಚಿದರೆ ಪುಟ್ಟಿಯ ಮೊಣಕಾಲಿನವರೆಗೆ ಕೆಂಪು ಗಂಧೆ. ಒಳಗೊಂದು ಸೊಳ್ಳೆ, ರಕ್ತ ಕುಡಿದು ಹಾರಲಾರದೆ ಅಲ್ಲೇ ಕೂತಿತ್ತು. ನಾವು ಹೊಲಿದದ್ದು ಮಗುವಿಗೋ, ಸೊಳ್ಳೆಗೋ?

ಈ “ಬೆಳೆಯೋ ಮಗು” ಎಂಬ ಮಾತು ಕೇಳಿದರೇ ಈಗ ನನಗೆ ಸಿಟ್ಟು ಬರುತ್ತದೆ. ನಮ್ಮ ಬೀದಿಯ ಹುಡುಗರನ್ನೇ ನೋಡಿ. ಕೋಟಿನ ತೋಳು ಬೆರಳು ಮುಚ್ಚಿರುತ್ತದೆ. ಬೂಟಿನ ಮುಂದೆ ಬಟ್ಟೆ ತುರುಕಿರುತ್ತದೆ. ಅಂತೂ ಅಳತೆಗೆ ಸರಿಹೋಗುವ ಹೊತ್ತಿಗೆ ಎಲ್ಲ ಹರಿದಿರುತ್ತದೆ. ಆಮೇಲೆ ತೇಪೆ ಹಾಕಿ ತಮ್ಮನಿಗೆ. ಅವನಿಗೂ ದೊಡ್ಡದೇ! ಒಂದಾದರೂ ಬಟ್ಟೆ, ಒಂದು ದಿನವಾದರೂ, ಮೈಗೆ ಸರಿಯಾಗಿ ಕೂತದ್ದನ್ನು ಈ ಮಕ್ಕಳು ಕಂಡಿದ್ದಾರೆಯೇ?

ಆ ಶನಿವಾರವೇ ಹೊಲಿಗೆ ಬಿಚ್ಚಿದೆ. ಹೆಚ್ಚಿನ ಉದ್ದವನ್ನು ಒಳಗೆ ಮಡಿಸಿ ಟಾಕು ಹಾಕಿದೆ, ಬೇಕಾದಾಗ ಬಿಚ್ಚಿಕೊಳ್ಳಲಿ ಎಂದು. ಅಗಲವನ್ನು ಕತ್ತರಿಸಿ ಎಸೆದೆ. ಪಾದದ ಹತ್ತಿರ ಬಿಗಿಯಾಗಿ ಹೊಲಿದೆ. ಪುಟ್ಟಿ ತೊಟ್ಟುಕೊಂಡು ಅಂಗಳದಲ್ಲಿ ಮೂರು ಸುತ್ತು ಓಡಿದಳು. ಬೀಳಲಿಲ್ಲ.

ಅತ್ತೆ ಮಾತ್ರ ನೆಲದ ಮೇಲಿನ ಚೂರುಗಳನ್ನು ಆಯುತ್ತ ಗೊಣಗಿದರು: “ಇಷ್ಟ್ ಬಟ್ಟೆ ದಂಡ ಆಯ್ತಲ್ಲವ್ವ. ಮುಂದಿನ್ ವರ್ಸಕ್ಕೆ ಏನ್ ಉಳೀತು?”

ಪುಟ್ಟಿಯ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

“ಮುಂದಿನ್ ವರ್ಸಕ್ಕೆ ಬಟ್ಟೆ ಉಳುದ್ರೆ ಸಾಕಾ ಅತ್ತೆ, ಮಗ ಉಳೀಬೇಡ್ವಾ?”