ಕಾಕುವಿಗೆ ಬಾರದ ಪಾಳಿ

ಕಾಕುವಿನ ತುಟಿಗಳ ನಡುವೆ ಸದಾ ಎರಡು ಮೂರು ಟಾಚಣಿ ಇರುತ್ತಿದ್ದವು. ಕುಪ್ಪಸದ ಅಂಚು ಮಡಿಸುತ್ತ, ಆ ಗುಂಡುಸೂಜಿಗಳ ಸಂದಿಯಿಂದಲೇ ಊರ ಸುದ್ದಿ ಹೇಳುವರು. ಟಾಚಣಿ ತೆಗೆದು ಸೆರಗಿಗೆ ಚುಚ್ಚಿಕೊಂಡರೆ ಸಿಟ್ಟು ಬಂದಿದೆಯೆಂದೇ ತಿಳಿಯಬೇಕು.

ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ಅವರೇ ನಮ್ಮ ಟೇಲರ್. ನಾನು ಜತ್ತ ಪಟ್ಟಣದ ಒಂದು ನೆಟ್ ಕಂಪನಿಯಲ್ಲಿ ಕಂಬ ಏರುವ ಕೆಲಸದವನು. ನಮ್ಮೂರಿಗೆ ಮೊಬೈಲ್ ರೇಂಜು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಚೆಯ ಊರಾದ ಕುಣಿಕೋಣೂರಿಗೆ ನೆಟ್ ದಾಟಿಸಲು ನಡುವೆ ಎತ್ತರದ ಮಾಳಿಗೆಯೊಂದು ಬೇಕಾಯಿತು. ದಿಬ್ಬದ ಮೇಲಿನ ಕಾಕುವಿನ ಮನೆ ಸರಿಹೊಂದಿತು. ಬಾಡಿಗೆ ಬೇಡವೆಂದರು. ಮೊಬೈಲಿನಲ್ಲಿ ಹೊಸ ಕೊರಳಿನ ಡಿಜೈನ್ ನೋಡಲು ನೆಟ್ ಸಿಕ್ಕರೆ ಸಾಕು, ಅದಿಲ್ಲದೆ ಮದುವೆಯ ಕುಪ್ಪಸಗಳೆಲ್ಲ ಬೇರೆ ಊರಿನ ಪಾಲಾಗುತ್ತಿವೆ ಎಂದರು. ಕಂಪನಿಯ ಸಾಹೇಬರು ಆಗಲಿ ಎಂದು ತಲೆಯಾಡಿಸಿದರು.

ಕಂಬ ನಿಂತಿತು. ನೆಟ್ ಕುಣಿಕೋಣೂರಿಗೆ ಹೋಯಿತು. ಕಾಕು ಕಂಬದ ಬುಡದಲ್ಲೇ ಮೊಬೈಲ್ ಹಿಡಿದು ಕುಳಿತರೂ ಏನೂ ಬರಲಿಲ್ಲ.

"ಇದು ಬ್ರಿಡ್ಜ್ ರಿ ಕಾಕು. ಆ ಕಡಿ ಡಬ್ಬಿ ಕೂಡ ಅಷ್ಟ ಮಾತಾಡತೈತಿ. ಸುತ್ತಲಿನ ಮೊಬೈಲಿಗೆ ಹಂಚೂದು ಆಕ್ಸೆಸ್ ಪಾಯಿಂಟ್. ಅದು ಬ್ಯಾರೆ ಡಬ್ಬಿ, ಇನ್ನೂ ಬಂದಿಲ್ಲ," ಎಂದೆ.

ಟಾಚಣಿಗಳು ಸೆರಗಿಗೆ ಹೋದವು. "ಪಾಟದ ಕಾಲುವಿ ನಮ್ಮ ಹೊಲದಾಗ ಹಾದು ಹೋದರ ನಮಗೂ ನೀರಿನ ಪಾಳಿ ಇರತೈತಿ. ಇದಕ್ಯಾಕಿಲ್ಲ?"

ಆ ಡಬ್ಬಿ ಕೇಳಲು ತಿಂಗಳು ತಿಂಗಳು ಸಾಹೇಬರ ಮುಂದೆ ನಿಂತೆ. "ಪುಢಚ್ಯಾ ಮಹಿನ್ಯಾತ ಬಘೂ" ಎಂದು ಮರಾಠಿಯಲ್ಲಿ ಸಾಗಹಾಕುವರು. ಅವರ ಆ ಮುಂದಿನ ತಿಂಗಳು ಯಾವ ಪಂಚಾಂಗದಲ್ಲೂ ಇರಲಿಲ್ಲ.

ಒಂದು ದಿನ ಓಣಿಯ ಮದುಮಗಳೊಬ್ಬಳು ಕುಣಿಕೋಣೂರಿನಲ್ಲಿ ಹೊಲಿಸಿದ ಕುಪ್ಪಸ ತಂದಳು. ಕೊರಳು ಮೊಬೈಲಿನಲ್ಲಿ ನೋಡಿ ಹೊಲಿದದ್ದು, ಚೆಂದವಿತ್ತು. ತೋಳು ಮಾತ್ರ ಬಿಗಿ. ಕಾಕು ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಟ್ಟರು. ಹುಡುಗಿ ಹೋದ ಮೇಲೆ ಎದ್ದು ಹೋಗಿ ಕಂಬದ ಸ್ವಿಚ್ಚಿನ ಮೇಲೆ ಕೈಯಿಟ್ಟರು.

"ಬಂದ್ ಮಾಡ್ರಿ," ಎಂದೆ, ಮನಸಾರೆ. "ಸಾಹೇಬ ತಾನ ಓಡಿ ಬರ್ತಾನ."

ಕೈ ಕೆಳಗಿಳಿಯಿತು. "ಬ್ಯಾಡ ತಮ್ಮಾ. ಅಲ್ಲಿ ಟೇಲರ್ ಹೆಣ್ಮಗಳದೂ ಹೊಟ್ಟಿಪಾಡು ಐತಿ. ಕೆಳಗಿನವರ ನೀರು ಕಟ್ಟಬಾರದು."

ಸಾಹೇಬರ ಮೇಲಿದ್ದಷ್ಟೇ ಸಿಟ್ಟು ಆಗ ಕಾಕುವಿನ ಮೇಲೂ ಬಂತು. ಇಂಥವರು ಇರುವುದರಿಂದಲೇ ಅಂಥವರ ಆಟ ನಡೆಯುತ್ತದೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹೋದ ಚಳಿಗಾಲ ಕಾಕು ಜತ್ತದ ದವಾಖಾನೆಯಲ್ಲಿ ತೀರಿಕೊಂಡರು. ಜೊತೆಗಿದ್ದ ಮಗ ಅಲ್ಲಿಂದಲೇ ಗುರುತಿನವರೆಲ್ಲರ ಮೊಬೈಲಿಗೂ ನೆಟ್ಟಿನಲ್ಲಿ ಸುದ್ದಿ ಹಾಕಿದ. ಆ ಹೊತ್ತಿಗೆ ನಮ್ಮೂರಲ್ಲಿ ರೇಂಜಿರಲಿಲ್ಲ, ಹಂಚುವ ಡಬ್ಬಿಯೂ ಇನ್ನೂ ಬಂದಿರಲಿಲ್ಲ. ಕುಣಿಕೋಣೂರಿನ ಟೇಲರ್ ಹೆಣ್ಣುಮಗಳು ಹೂವಿನ ಹಾರ ಹಿಡಿದು ಬಂದು, ಮುಚ್ಚಿದ ಬಾಗಿಲು ನೋಡಿ, "ಅವರನ್ನ ಇನ್ನೂ ಮನಿಗಿ ತಂದಿಲ್ಲೇನ್ರಿ?" ಎಂದು ಕೇಳಿದಾಗಲೇ ಓಣಿಗೆ ಗೊತ್ತಾದದ್ದು. ಸುದ್ದಿ ಕಾಕುವಿನ ಮಾಳಿಗೆ ಮೇಲಿಂದಲೇ ದಾಟಿ ಹೋಗಿತ್ತು.